ಗಲ್ಲಾಪೆಟ್ಟಿಗೆಯ ಮುನ್ನಂದಾಜು: ಕಂಪನಿ ನಾಟಕದ ಒಂದು ರೂಢಿ

ಹೊಸ ಕೃತಿಯೊಂದು ಎಷ್ಟು ಜನರನ್ನು ಸೆಳೆಯಬಹುದೆಂಬುದನ್ನು ಮುಂಚಿತವಾಗಿ ಅಂದಾಜು ಮಾಡುವ ಕೆಲಸಕ್ಕೆ ಇಂದು ಗಣಕ ವಿಜ್ಞಾನಿಗಳು ತೊಡಗಿದ್ದಾರಾದರೂ, ಅದೇ ಅಂದಾಜಿನ ಮೇಲೆ ಕಲಾವಿದರ ಸಂಬಳವನ್ನೂ ಅಡುಗೆಮನೆಯ ಖರ್ಚನ್ನೂ ಹೊತ್ತು ಊರಿಂದೂರಿಗೆ ಸಾಗಿದ ವೃತ್ತಿ ರಂಗಭೂಮಿ ಕರ್ನಾಟಕದಲ್ಲಿ ನೂರು ವರ್ಷಗಳಿಗೂ ಹಳೆಯದು. ದಾವಣಗೆರೆ ಈ ವೃತ್ತಿಯ ನೆಲೆಗಳಲ್ಲೊಂದು. 1928ರಲ್ಲಿ ಸ್ಥಾಪನೆಯಾದ ಶ್ರೀ ಗುರು ಕರಿಬಸವ ರಾಜೇಂದ್ರ ನಾಟಕ ಮಂಡಳಿ, ಅಂದರೆ ಜನರ ಬಾಯಲ್ಲಿ ಕೆ.ಬಿ.ಆರ್. ಡ್ರಾಮಾ ಕಂಪನಿ, ಈ ಊರಿನ ಚಿಂದೋಡಿ ಮನೆತನದ್ದು; 2010ರಲ್ಲಿ ತೀರಿಕೊಂಡ ಚಿಂದೋಡಿ ಲೀಲಾ ಅವರ ಹೆಸರಿನೊಂದಿಗೆ ‘ಹಳ್ಳಿ ಹುಡುಗಿ’, ‘ಪೊಲೀಸನ ಮಗಳು’ ನಾಟಕಗಳ ದೀರ್ಘಕಾಲದ ಓಟವೂ ಸೇರಿಕೊಂಡಿದೆ. ಯಾವ ನಾಟಕ ಓಡುತ್ತದೆ, ಯಾವುದು ಬೀಳುತ್ತದೆ ಎಂದು ಕಂಪನಿಗಳು ಲೆಕ್ಕ ಹಾಕಿದ ರೀತಿಯನ್ನು ಒಂದು ಮುನ್ನಂದಾಜಿನ ಪದ್ಧತಿಯೆಂದೇ ಪರಿಗಣಿಸಿ ಒರೆಗೆ ಹಚ್ಚಬಹುದು.

ಈ ಪದ್ಧತಿಯ ಮೂಲ ಘಟಕ ಕ್ಯಾಂಪು. ಊರೊಂದರಲ್ಲಿ ಮೈದಾನ ಬಾಡಿಗೆಗೆ ಹಿಡಿದು, ತಗಡಿನ ತಾತ್ಕಾಲಿಕ ಥಿಯೇಟರ್ ಎಬ್ಬಿಸಿ, ಕಲೆಕ್ಷನ್ ಇರುವವರೆಗೆ ಒಂದೇ ನಾಟಕವನ್ನು ಆಡಿ, ಅದು ಇಳಿದೊಡನೆ ಮತ್ತೊಂದಕ್ಕೆ ಹೊರಳುವುದು ಅದರ ಕ್ರಮ. ಊರಿನ ಆಯ್ಕೆಯಲ್ಲಿ ಜಾತ್ರೆಗೆ ಮೊದಲ ಸ್ಥಾನ. ಬಾದಾಮಿಯ ಬನಶಂಕರಿ ಜಾತ್ರೆಗೆ ಹಲವು ಕಂಪನಿಗಳು ಒಟ್ಟಿಗೇ ಬೀಡುಬಿಡುವುದೂ, ಎರಡು ವರ್ಷಕ್ಕೊಮ್ಮೆ ನಡೆಯುವ ದಾವಣಗೆರೆಯ ದುರ್ಗಾಂಬಿಕಾ ಜಾತ್ರೆಯಂಥ ಸಂದರ್ಭಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಇದರಿಂದಲೇ. ಇಲ್ಲಿ ಗಮನಿಸಬೇಕಾದುದೇನೆಂದರೆ, ಮಾಲೀಕನು ನಾಟಕದ ಹಸ್ತಪ್ರತಿಯನ್ನು ಓದಿ ಇಷ್ಟು ಸಾವಿರ ಜನ ಬರುತ್ತಾರೆಂದು ಭವಿಷ್ಯ ನುಡಿಯುವ ಗೋಜಿಗೆ ಹೋಗುವುದಿಲ್ಲ. ಮೊದಲ ಕೆಲವು ಪ್ರಯೋಗಗಳನ್ನು ಆಡಿಸಿ, ಗೇಟಿನಲ್ಲಿ ಯಾರು ಬರುತ್ತಿದ್ದಾರೆ, ಒಂಟಿಯಾಗಿಯೋ ಸಂಸಾರಸಮೇತವಾಗಿಯೋ, ನಿನ್ನೆಗಿಂತ ಇಂದು ಹೆಚ್ಚೋ ಕಡಿಮೆಯೋ ಎಂಬುದನ್ನು ನೋಡಿ, ಅನಂತರವೇ ಕ್ಯಾಂಪಿನ ಉದ್ದವನ್ನು ತೀರ್ಮಾನಿಸುತ್ತಾನೆ.

ಈ ತಡಮಾಡುವ ಜಾಣ್ಮೆಗೆ ವಿಜ್ಞಾನದ ಬೆಂಬಲವಿದೆ. 2010ರಲ್ಲಿ ಗಾಬೊರ್ ಸಾಬೊ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ ಎಂಬಿಬ್ಬರು ಪ್ರಕಟಿಸಿದ ಅಧ್ಯಯನವೊಂದು, ಅಂತರ್ಜಾಲದ ಕೃತಿಯೊಂದಕ್ಕೆ ಮೂವತ್ತನೆಯ ದಿನಕ್ಕೆ ಸಿಗಬಹುದಾದ ಜನಪ್ರಿಯತೆಯನ್ನು ಅದರ ಆರಂಭದ ಅಂಕಿಗಳಿಂದಲೇ ಸಾಕಷ್ಟು ನಿಖರವಾಗಿ ಊಹಿಸಬಹುದೆಂದು ತೋರಿಸಿತು. ಆದರೆ ಡಿಗ್ ಎಂಬ ಸುದ್ದಿ ಹಂಚಿಕೆಯ ತಾಣದಲ್ಲಿ ಅದಕ್ಕೆ ಎರಡು ಗಂಟೆಗಳ ಅಂಕಿ ಸಾಕಾದರೆ, ಯೂಟ್ಯೂಬಿನಲ್ಲಿ ಅಷ್ಟೇ ನಿಖರತೆಗೆ ಹತ್ತು ದಿನ ಬೇಕಾಯಿತು. ಸುದ್ದಿ ಬೇಗ ಹಳಸುತ್ತದೆ, ವಿಡಿಯೊ ನಿಧಾನವಾಗಿ ಹರಡುತ್ತದೆ ಎಂಬುದೇ ಈ ವ್ಯತ್ಯಾಸದ ಕಾರಣ. ಕಂಪನಿ ನಾಟಕ ಈ ಎರಡರಲ್ಲಿ ಯಾವ ಜಾತಿಗೆ ಸೇರಿದ್ದು ಎಂಬುದು ಕ್ಯಾಂಪಿನ ಸ್ವರೂಪವನ್ನು ಅವಲಂಬಿಸಿದೆ: ಜಾತ್ರೆಯ ಕೆಲವೇ ರಾತ್ರಿಗಳಲ್ಲಿ ಅದು ಸುದ್ದಿಯಂತೆ ನಡೆದುಕೊಳ್ಳುತ್ತದೆ, ತಿಂಗಳುಗಟ್ಟಲೆಯ ನಗರದ ಕ್ಯಾಂಪಿನಲ್ಲಿ ನೋಡಿದವರ ಮಾತು ಹಳ್ಳಿಗಳಿಗೆ ಮುಟ್ಟಿ, ಎತ್ತಿನ ಗಾಡಿಯೋ ಬಸ್ಸೋ ಹಿಡಿದು ಜನ ಬರುವಷ್ಟು ಕಾಲ ಬೇಕಾಗುತ್ತದೆ. ಎರಡಕ್ಕೂ ಒಂದೇ ಅಳತೆ ಹಿಡಿದ ಕಂಪನಿ ನಿಧಾನವಾಗಿ ಏರುವ ನಾಟಕವನ್ನು ಏರುವ ಮೊದಲೇ ಇಳಿಸಿಬಿಡುವ ಅಪಾಯವಿದೆ.

ರೂಢಿಯ ದುರ್ಬಲ ಭಾಗ ಇರುವುದು ಬೇರೆಡೆ. ಐವತ್ತು ದಾಟಿದ ನಾಟಕಕ್ಕೆ ‘ಯಶಸ್ವಿ 50ನೇ ಪ್ರಯೋಗ’ ಎಂದು ಹ್ಯಾಂಡ್‌ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಪ್ರಚಾರದ ಗಾಡಿಯಲ್ಲಿ ಮೈಕು ಕಟ್ಟಿ ಕೂಗಿಸುವಾಗ, ಎಣಿಕೆಯು ಜನರ ಒಲವನ್ನು ಅಳೆಯುವ ಸಾಧನವಾಗಿ ಉಳಿಯದೆ ಒಲವನ್ನು ಹುಟ್ಟಿಸುವ ಸಾಧನವಾಗುತ್ತದೆ. ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಬಹಳ ಚೆನ್ನಾಗಿ ಬಯಲು ಮಾಡಿತು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಕೇಳುಗರಿಗೆ ಅಪರಿಚಿತ ತಂಡಗಳ 48 ಹಾಡುಗಳನ್ನು ಕೊಟ್ಟು, ಕೆಲವರನ್ನು ಬೇರೆಯವರ ಆಯ್ಕೆ ಕಾಣದಂತೆಯೂ, ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಲ್ಲಿ, ತಮ್ಮ ಗುಂಪಿನವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡರೆಂಬುದು ಕಾಣುವಂತೆಯೂ ಇರಿಸಿದಾಗ, ಗೆದ್ದ ಹಾಡುಗಳು ಇನ್ನಷ್ಟು ಗೆದ್ದವು, ಮಾತ್ರವಲ್ಲ, ಒಂದು ಗುಂಪಿನಲ್ಲಿ ಗೆದ್ದುದು ಮತ್ತೊಂದರಲ್ಲಿ ಹಿಂದುಳಿಯಿತು. ತೀರಾ ಒಳ್ಳೆಯ ಹಾಡು ಸೋಲುವುದು ಅಪರೂಪವಾಗಿತ್ತು, ತೀರಾ ಕಳಪೆಯದು ಗೆಲ್ಲುವುದೂ ಅಪರೂಪವಾಗಿತ್ತು. ನಡುವಿನ ದೊಡ್ಡ ರಾಶಿಯ ಗತಿಯನ್ನು ಮಾತ್ರ ಹೇಳಲು ಬರುತ್ತಿರಲಿಲ್ಲ. ಕಂಪನಿ ನಾಟಕಗಳಲ್ಲಿ ಬಹುಪಾಲು ಆ ನಡುವಿನ ರಾಶಿಗೇ ಸೇರಿದವು ಎನ್ನಲು ಹೆಚ್ಚು ಧೈರ್ಯ ಬೇಕಾಗಿಲ್ಲ.

ಇದರ ಜೊತೆಗೆ, ಪ್ರಯೋಗಗಳ ಸಂಖ್ಯೆಗೂ ಪ್ರೇಕ್ಷಕರ ಸಂಖ್ಯೆಗೂ ಇರುವ ಅಂತರವನ್ನು ವೃತ್ತಿ ರಂಗಭೂಮಿಯ ಚರಿತ್ರೆಯನ್ನು ಬರೆಯುವವರು ಮರೆತೇಬಿಡುತ್ತಾರೆ. ಸಾವಿರ ಪ್ರಯೋಗ ಎಂಬುದು ತುಂಬಿದ ಸಾವಿರ ರಾತ್ರಿಗಳೆಂದೇ ಅರ್ಥವಲ್ಲ. ಅರ್ಧ ಖಾಲಿ ಕುರ್ಚಿಗಳ ಮುಂದೆ ಆಡಿದ ಮಳೆಗಾಲದ ರಾತ್ರಿಯೂ ಒಂದು ಪ್ರಯೋಗವೇ. ಅದಕ್ಕಿಂತ ದೊಡ್ಡ ತೊಡಕೆಂದರೆ, ಮೂರು ರಾತ್ರಿಗೆ ನಿಂತ ನಾಟಕಗಳ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಗೆದ್ದವುಗಳನ್ನಷ್ಟೇ ಮುಂದಿಟ್ಟುಕೊಂಡು ಗೆಲುವಿನ ಕಾರಣ ಹುಡುಕಿದರೆ, ಸೋತವುಗಳಲ್ಲೂ ಅದೇ ಕಾರಣಗಳು ಇದ್ದವೋ ಇಲ್ಲವೋ ಎಂದು ಪರೀಕ್ಷಿಸುವ ದಾರಿಯೇ ಮುಚ್ಚಿಹೋಗುತ್ತದೆ. ಹಾಸ್ಯ ಪಾತ್ರ ಹಿಡಿಸಿದ್ದರಿಂದ ಒಂದು ನಾಟಕ ಓಡಿತೆಂದು ನಂಬಿ ಮುಂದಿನ ನಾಲ್ಕರಲ್ಲಿ ಹಾಸ್ಯವನ್ನು ಹಿಗ್ಗಿಸಿ, ಆಮೇಲೆ ದ್ವಂದ್ವಾರ್ಥದ ಮಾತನ್ನು ಹೊಲಿದು, ಕಥೆಯನ್ನು ಎರಡು ಹಾಸ್ಯ ಪ್ರವೇಶಗಳ ನಡುವಿನ ಬಿಡುವಾಗಿ ಇಳಿಸಿದ ಅಭ್ಯಾಸ ಇಂಥ ಅರೆ ಲೆಕ್ಕದ ಫಲ. ನಾಟಕಕಾರ ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಅವರ ಚಲನಚಿತ್ರವಾಗಿಯೂ ಗೆದ್ದದ್ದು ಅದರಲ್ಲಿದ್ದ ಕಥೆಯ ಬಲದಿಂದಲೂ ಹೌದೆಂಬುದನ್ನು ಗಲ್ಲಾಪೆಟ್ಟಿಗೆ ಹೇಳಿಕೊಡಲಾರದು.

ನಿನ್ನೆಯ ಅಂಕಿಯಿಂದ ನಾಳೆಯನ್ನು ಊಹಿಸುವವನು, ನಿನ್ನೆ ಬಂದ ಜನ ನಾಳೆಯೂ ಅಲ್ಲಿರುತ್ತಾರೆಂದು ಹೇಳದೆಯೇ ಒಪ್ಪಿಕೊಂಡಿರುತ್ತಾನೆ. ದಾವಣಗೆರೆ–ಹರಿಹರಗಳ ಮಟ್ಟಿಗೆ ಈ ಒಪ್ಪಿಗೆ ನಿಲ್ಲಲಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ತಿಂಗಳ ಸಂಬಳ ಕೈಗೆ ಬರುವ ಕುಟುಂಬಗಳು ಚದುರಿದ ಮೇಲೆ, ಹಳೆಯ ಕ್ಯಾಂಪಿನ ಕಲೆಕ್ಷನ್ ನೋಡಿ ಮೈದಾನ ಹಿಡಿದವರಿಗೆ ನಾಟಕದಲ್ಲಿ ದೋಷ ಕಾಣುವುದು ಸಹಜ, ದೋಷ ಅಲ್ಲಿ ಇಲ್ಲದಿದ್ದರೂ. ಟಿವಿ ಬಂತು ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುವ ವಾಡಿಕೆ ಈ ಕಾರಣಕ್ಕೆ ಸಾಲದು.

ಹೀಗೆ ನೋಡಿದಾಗ ಕಂಪನಿಗಳ ರೂಢಿ ಅಲ್ಪಾವಧಿಯ ಅಂದಾಜಿಗೆ ಗಟ್ಟಿಯಾದದ್ದು, ನಾಟಕದ ಗುಣವನ್ನು ತೀರ್ಮಾನಿಸಲು ನಿಷ್ಪ್ರಯೋಜಕವಾದದ್ದು. ಎರಡನ್ನೂ ಒಂದೇ ಪೆಟ್ಟಿಗೆಯಿಂದ ತೆಗೆಯಹೊರಟದ್ದೇ ಎಡವಟ್ಟು. ದಾವಣಗೆರೆ ಮತ್ತು ಹರಿಹರಗಳಿಗೆ ಹತ್ತಿರದ ಕೊಂಡಜ್ಜಿಯನ್ನು ವೃತ್ತಿ ರಂಗಭೂಮಿಯ ಕೇಂದ್ರಕ್ಕೆ ಸರ್ಕಾರ ಆರಿಸಿರುವುದರಿಂದ, ಕಲೆಕ್ಷನ್ನಿನ ಹಂಗಿಲ್ಲದೆ ನಾಟಕ ಕಟ್ಟುವ ಅವಕಾಶ ಅಲ್ಲಿ ಹುಟ್ಟಬಹುದು; ಆದರೆ ಆ ಕೇಂದ್ರದಿಂದ ಮೊದಲು ಆಗಬೇಕಾದ ಕೆಲಸ ಹೊಸ ನಾಟಕವಲ್ಲ. ದಿನದ ಕಲೆಕ್ಷನ್ ಬರೆದಿಡದೆ ಯಾವ ಕಂಪನಿಯೂ ಸಂಬಳ ಬಟವಾಡೆ ಮಾಡಲಾರದಾದ್ದರಿಂದ, ಹಳೆಯ ಮಾಲೀಕರ ಮನೆಗಳಲ್ಲಿ ಉಳಿದಿರಬಹುದಾದ ಲೆಕ್ಕದ ಪುಸ್ತಕಗಳನ್ನು ಗೆದ್ದ ನಾಟಕ, ಬಿದ್ದ ನಾಟಕ ಎಂಬ ಭೇದವಿಲ್ಲದೆ, ರಾತ್ರಿವಾರು ಟಿಕೆಟ್ ಸಂಖ್ಯೆಯ ಸಮೇತ, ಗೆದ್ದಲು ಮುಟ್ಟುವ ಮುನ್ನ ಪ್ರತಿ ಮಾಡಿಸಿಡಬೇಕಾಗಿದೆ.