ಕೇಳುಗನ ಪೂರ್ವಗ್ರಹ: ‘ದಿ ಯೂಷುಯಲ್ ಸಸ್ಪೆಕ್ಟ್ಸ್’ ಚಿತ್ರದ ಸಾಕ್ಷ್ಯಕಥನ

ಪತ್ತೇದಾರಿ ಕಥನದ ಕೊನೆಯ ತಿರುವನ್ನು ಕೇವಲ ಚಮತ್ಕಾರವೆಂದು ಬದಿಗಿಡುವ ರೂಢಿ ವಿಮರ್ಶೆಯಲ್ಲಿದೆ. ಗುಟ್ಟು ಬಯಲಾದ ಮೇಲೆ ಕೃತಿಯಲ್ಲಿ ಉಳಿಯುವುದೇನು ಎಂಬುದು ಅದರ ಆಕ್ಷೇಪ. ಬ್ರಯಾನ್ ಸಿಂಗರ್ ನಿರ್ದೇಶನದ ‘ದಿ ಯೂಷುಯಲ್ ಸಸ್ಪೆಕ್ಟ್ಸ್’ (1995) ಈ ಆಕ್ಷೇಪವನ್ನು ಪರೀಕ್ಷಿಸಲು ತಕ್ಕ ನಿದರ್ಶನವಾಗಿದೆ. ಇದರ ಚಿತ್ರಕಥೆಗಾಗಿ ಕ್ರಿಸ್ಟೋಫರ್ ಮೆಕ್ವಾರಿ ಆಸ್ಕರ್ ಪ್ರಶಸ್ತಿ ಪಡೆದರು. ಆದರೆ ಅಮೆರಿಕದ ಪ್ರಸಿದ್ಧ ವಿಮರ್ಶಕ ರೋಜರ್ ಈಬರ್ಟ್ ಇದೇ ಚಿತ್ರಕ್ಕೆ ನಾಲ್ಕರಲ್ಲಿ ಒಂದೂವರೆ ನಕ್ಷತ್ರವನ್ನಷ್ಟೇ ನೀಡಿದರು.

ಲಾಸ್ ಏಂಜಲೀಸಿನ ಸ್ಯಾನ್ ಪೆಡ್ರೋ ಬಂದರಿನಲ್ಲಿ ಹಡಗೊಂದು ಸುಟ್ಟು ಹಲವರು ಸತ್ತಿದ್ದಾರೆ. ಬದುಕುಳಿದ ಇಬ್ಬರಲ್ಲಿ ಒಬ್ಬ, ಕುಂಟುತ್ತ ನಡೆಯುವ ಸಣ್ಣಪುಟ್ಟ ವಂಚಕ ವರ್ಬಲ್ ಕಿಂಟ್. ಸುಂಕ ಇಲಾಖೆಯ ಅಧಿಕಾರಿ ಕುಯಾನ್ ಅವನನ್ನು ಪೊಲೀಸ್ ಅಧಿಕಾರಿಯೊಬ್ಬನ ಕೋಣೆಯಲ್ಲಿ ಕೂರಿಸಿ ವಿಚಾರಿಸುತ್ತಾನೆ. ಕಿಂಟ್ ಹೇಳಿದ್ದೆಲ್ಲ ದೃಶ್ಯವಾಗಿ ನಮ್ಮೆದುರು ಮೂಡುತ್ತದೆ. ಅವನು ಹೊರನಡೆದ ಮೇಲೆ, ಕಥೆಯ ಹೆಸರುಗಳು ಗೋಡೆಯ ಸೂಚನಾಫಲಕದಿಂದಲೂ ಕಾಫಿ ಬಟ್ಟಲಿನ ತಳದಿಂದಲೂ ಹೆಕ್ಕಿದವೆಂದು ಕುಯಾನನಿಗೆ ಹೊಳೆಯುತ್ತದೆ. ಎಲ್ಲರೂ ಹೆದರುವ ಕೈಸರ್ ಸೋಜೆ ಅವನ ಎದುರಿಗೇ ಕುಳಿತಿದ್ದ.

ಸುಳ್ಳು ಹೇಳುವ ಹಿನ್ನೋಟ ಚಿತ್ರರಂಗಕ್ಕೆ ಹೊಸದಲ್ಲ. ಹಿಚ್‌ಕಾಕ್ ‘ಸ್ಟೇಜ್ ಫ್ರೈಟ್’ (1950) ಚಿತ್ರದಲ್ಲಿ ಅದನ್ನು ಬಳಸಿ, ಮುಂದೆ ಅದು ತಪ್ಪೆಂದು ತಾನೇ ಒಪ್ಪಿಕೊಂಡ. ಕುರೊಸಾವಾನ ‘ರಾಶೋಮೊನ್’ (1950) ಚಿತ್ರದಲ್ಲಿ ಪರಸ್ಪರ ವಿರುದ್ಧವಾದ ಹಲವು ಸಾಕ್ಷ್ಯಗಳಿರುವುದರಿಂದ ಪ್ರೇಕ್ಷಕನಿಗೆ ಆರಂಭದಿಂದಲೇ ಸಂದೇಹ ಸಾಧ್ಯ. ಇಲ್ಲಿ ವಿಸ್ತಾರವಾಗಿ ಕಾಣುವ ಸಾಕ್ಷ್ಯ ಒಂದೇ. ಆದರೂ ವಂಚನೆಯ ಮೂಲ ಕೇವಲ ಹೇಳುವವನಲ್ಲಿ ಇಲ್ಲವೆಂಬುದು ಗಮನಾರ್ಹ. ಮಾಜಿ ಪೊಲೀಸ್ ಕೀಟನ್‌ನೇ ಸೋಜೆ ಎಂಬ ತೀರ್ಮಾನವನ್ನು ಕುಯಾನ್ ತಾನೇ ಕಟ್ಟಿ, ಕಿಂಟನ ಮೇಲೆ ಹೇರುತ್ತಾನೆ. ಕಿಂಟ್ ಅಳುತ್ತ ಅದಕ್ಕೆ ಮಣಿಯುತ್ತಾನೆ, ಅಷ್ಟೆ. ಕುಂಟುವವನು ದಡ್ಡನೂ ದುರ್ಬಲನೂ ಆಗಿರಬೇಕೆಂಬ ಅಧಿಕಾರಿಯ ತಾತ್ಸಾರವೇ ಅಪರಾಧಿಯ ರಕ್ಷಾಕವಚವಾಗುತ್ತದೆ. ಇನ್ನೊಬ್ಬ ಸಾಕ್ಷಿ ಮೈ ಸುಟ್ಟು ಆಸ್ಪತ್ರೆಯಲ್ಲಿದ್ದಾನೆ. ದುಭಾಷಿಯ ನೆರವಿನಿಂದ ಹಂಗೇರಿಯನ್ ಭಾಷೆಯಲ್ಲಿ ಅವನು ಹೇಳಿದ್ದು ಸತ್ಯ. ಆ ಮಾತಿನಿಂದ ಬಿಡಿಸಿದ ಮುಖಚಿತ್ರ ಫ್ಯಾಕ್ಸ್‌ನಲ್ಲಿ ಬರುವಾಗ ಹೊತ್ತು ಮೀರಿರುತ್ತದೆ. ನಿರರ್ಗಳ ಮಾತಿಗೆ ದೊರೆತ ಕಿವಿ ತೊದಲಿದ ಸತ್ಯಕ್ಕೆ ದೊರೆಯಲಿಲ್ಲ. ಆದುದರಿಂದ ಇಲ್ಲಿನ ತಿರುವು ಅಪರಾಧಿಯನ್ನಷ್ಟೇ ಅಲ್ಲ, ವಿಚಾರಣೆಯ ಕ್ರಮವನ್ನೂ ಬಯಲಿಗೆಳೆಯುತ್ತದೆ.

ಚಿತ್ರದ ಮಿತಿಯೂ ಇದೇ ತಿರುವಿನಲ್ಲಿದೆ. ಕೀಟನ್‌ನ ಗೆಳತಿಯಾದ ವಕೀಲೆ ಈಡಿಯ ಕೊಲೆಯ ಸುದ್ದಿಯನ್ನು ತಿಳಿಸುವವನು ಕಿಂಟ್ ಅಲ್ಲ, ಕುಯಾನ್. ಅಂದರೆ ಅದು ಕಟ್ಟುಕಥೆಯ ಭಾಗವಲ್ಲ. ಹಡಗಿನ ಹೆಣಗಳೂ ಹಾಗೆಯೇ. ಕಥೆ ಸುಳ್ಳಾದರೂ ಸಾವುಗಳು ಸುಳ್ಳಲ್ಲ. ಆದರೆ ಕೊನೆಯಲ್ಲಿ ಕುಂಟು ನಡಿಗೆ ನೆಟ್ಟಗಾಗುವ ಗಳಿಗೆಯಲ್ಲಿ ಪ್ರೇಕ್ಷಕನಿಗೆ ಉಂಟಾಗುವುದು ಕಥೆಗಾರನ ಜಾಣ್ಮೆಯ ಬಗೆಗಿನ ಮೆಚ್ಚುಗೆಯೇ ಹೊರತು ಸತ್ತವರ ನೆನಪಲ್ಲ. ಕುಯಾನನಂತೆ ನಾವೂ ಚೆನ್ನಾಗಿ ಹೇಳಿದ ಕಥೆಗೆ ಸೋತವರೇ. ಈ ಸೋಲನ್ನು ಚಿತ್ರ ಉಂಟುಮಾಡುತ್ತದೆ. ಅದನ್ನು ಪ್ರಶ್ನಿಸುವ ಹೊಣೆಯನ್ನು ಮಾತ್ರ ಎರಡನೆಯ ನೋಟಕ್ಕೆ ಬಿಡುತ್ತದೆ. ಗುಟ್ಟು ತಿಳಿದ ಮೇಲೂ ಕೃತಿಯಲ್ಲಿ ಉಳಿಯುವುದು ಆ ಹೊಣೆಯೇ.