ಕಾಲು ತೊಳೆದವರ ಅಧಿಕಾರ

1493ರಲ್ಲಿ ಪೋಪ್ ಆರನೆಯ ಅಲೆಕ್ಸಾಂಡರ್ ಸ್ಪೇನಿನ ರಾಜದಂಪತಿಗೆ ಒಂದು ಶಾಸನಪತ್ರ ಬರೆದುಕೊಟ್ಟ. ಅಟ್ಲಾಂಟಿಕ್‌ನ ಆಚೆ ಕೊಲಂಬಸ್ ಕಂಡು ಬಂದ ನೆಲ, ಇನ್ನು ಮುಂದೆ ಕಾಣಬಹುದಾದ ನೆಲ, ಎಲ್ಲ ನಿಮ್ಮದೇ ಎಂಬುದು ಅದರ ತಾತ್ಪರ್ಯ. ಅಲ್ಲಿ ಬದುಕಿದ್ದವರನ್ನು ಒಂದು ಮಾತೂ ಕೇಳದೆ ಅವರ ನೆಲವನ್ನು ಧಾರೆಯೆರೆದ ಈ ಮಹಾದಾನಿ, ಪತ್ರದ ಆರಂಭದಲ್ಲೇ ತನ್ನನ್ನು ದೇವರ ಸೇವಕರ ಸೇವಕ ಎಂದು ಕರೆದುಕೊಂಡಿದ್ದಾನೆ. ಇದರ ವ್ಯಂಗ್ಯ ಅವನಿಗೆ ಹೊಳೆದಿರಲಾರದು. ಒಂಬೈನೂರು ವರ್ಷಗಳಷ್ಟು ಹಳೆಯ ಒಕ್ಕಣೆ ಅದು. ರೋಮಿನ ಗುರುವಿಗೆ ಅಧೀನರಾಗದೆ ಯಾವ ಮನುಷ್ಯನಿಗೂ ಮೋಕ್ಷವಿಲ್ಲ ಎಂದು ಎಂಟನೆಯ ಬೋನಿಫೇಸ್ 1302ರಲ್ಲಿ ಹೊರಡಿಸಿದ ಘೋಷಣೆಯ ನೆತ್ತಿಯ ಮೇಲೂ ಅದೇ ಇದೆ.

ಒಳ್ಳೆಯ ನಾಯಕ ಹೇಗಿರಬೇಕು ಎಂದು ಕೇಳಿದರೆ ಕ್ರೈಸ್ತ ಪರಂಪರೆಯ ಉತ್ತರ ಸಿದ್ಧವಾಗಿದೆ: ಸೇವಕನಂತಿರಬೇಕು. ಚರ್ಚಿನ ಪ್ರಸಂಗಪೀಠದಿಂದ ಮ್ಯಾನೇಜ್‌ಮೆಂಟ್ ಕಾಲೇಜಿನವರೆಗೆ ಈ ಮಾತು ಓಡಾಡುತ್ತಿದೆ. ಆದರೆ ಈ ಪರಂಪರೆಯೊಳಗೆ ಎರಡು ಎಳೆಗಳಿವೆ. ವಿನಯವನ್ನು ನಾಯಕನ ಎದೆಯೊಳಗಿನ ಗುಣವೆಂದು ಕಂಡದ್ದು ಒಂದು. ಅದನ್ನು ನಾಯಕನ ಕೈ ಕಟ್ಟುವ ನಿಯಮವಾಗಿ ಬರೆದಿಟ್ಟದ್ದು ಇನ್ನೊಂದು. ಉಪದೇಶಗಳಲ್ಲಿ ಮೆರೆದದ್ದು ಮೊದಲನೆಯದು. ಪರಂಪರೆಯ ಮಾನ ಉಳಿಸಿದ್ದು ಎರಡನೆಯದು ಎಂದು ನನ್ನ ಎಣಿಕೆ.

ಮೂಲದ ಪ್ರಸಂಗ ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿದೆ. ಕಡೆಯ ಊಟದ ರಾತ್ರಿ ಯೇಸು ಪಂಕ್ತಿಯಿಂದೆದ್ದು, ಮೇಲುಡುಗೆ ತೆಗೆದಿಟ್ಟು, ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ಬೋಗುಣಿಗೆ ನೀರು ಹೊಯ್ದು ಶಿಷ್ಯರ ಕಾಲು ತೊಳೆಯುತ್ತಾನೆ. ಆ ಕಾಲದ ಮನೆಗಳಲ್ಲಿ ಅದು ಆಳುಗಳ ಕೆಲಸ. ಪೇತ್ರ ಮುಜುಗರಪಟ್ಟು ಕಾಲು ಹಿಂದೆಗೆಯುತ್ತಾನೆ. ಅಂದು ಕಾಲು ತೊಳೆಸಿಕೊಂಡವರಲ್ಲಿ ಹಿಡಿದುಕೊಡಲಿದ್ದ ಯೂದನೂ ಇದ್ದ. ಬೋಧಕರು ಹೆಚ್ಚಾಗಿ ಹಾರಿಸಿಬಿಡುವ ಭಾಗ ಆಮೇಲಿನದು. ಉಡುಗೆ ತೊಟ್ಟು ಮತ್ತೆ ಕುಳಿತ ಯೇಸು ತಾನು ಗುರುವೂ ಒಡೆಯನೂ ಹೌದೆಂದೇ ಹೇಳುತ್ತಾನೆ. ಅಧಿಕಾರ ಎಲ್ಲಿಗೂ ಹೋಗಿಲ್ಲ; ಯಾರ ಕೈಯಲ್ಲಿದೆ ಎಂಬ ಬಗ್ಗೆ ಯಾವ ಮುಚ್ಚುಮರೆಯೂ ಇಲ್ಲ.

ಈ ಪ್ರಸಂಗ ಆಚರಣೆಯಾದಾಗ ಏನಾಯಿತು ನೋಡಿ. ಇಂಗ್ಲೆಂಡಿನ ದೊರೆಗಳು ಪವಿತ್ರ ಗುರುವಾರದಂದು ಬಡವರ ಕಾಲು ತೊಳೆಯುವ ರೂಢಿಯಿತ್ತು. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಬಡ ಹೆಂಗಸರ ಕಾಲನ್ನು ಮೊದಲು ಅರಮನೆಯ ಬಟ್ಟೆ ಒಗೆಯುವ ವಿಭಾಗದವರು ಬಿಸಿನೀರು, ಸುವಾಸನೆಯ ಹೂಗಳಿಂದ ತೊಳೆಯುತ್ತಿದ್ದರು. ಬಳಿಕ ದಾನಾಧಿಕಾರಿಯ ಸಹಾಯಕ, ಆಮೇಲೆ ಖುದ್ದು ದಾನಾಧಿಕಾರಿ. ಮೂರು ಸಲ ತೊಳೆದು ಕೊಳೆಯ ಗುರುತೇ ಇಲ್ಲವಾದ ಮೇಲೆ ರಾಣಿಯ ಸರದಿ! ನಾಯಕತ್ವದ ಕುರಿತ ಎಷ್ಟೋ ಗ್ರಂಥಗಳಿಗಿಂತ ಈ ಒಂದು ವಿವರ ಹೆಚ್ಚು ಹೇಳುತ್ತದೆ.

ಸೇವಕರ ಸೇವಕ ಎಂಬ ಬಿರುದನ್ನು ರೂಢಿಗೆ ತಂದ ಮಹಾ ಗ್ರೆಗೊರಿಯನ್ನು ಹೀಗೆ ನಗೆಯಾಡುವಂತಿಲ್ಲ. 590ರಲ್ಲಿ ಪೋಪ್ ಆದ ಅವನು ಆ ಪಟ್ಟಕ್ಕೆ ನಿಜಕ್ಕೂ ಅಂಜಿದ್ದವನು. ಕಾನ್‌ಸ್ಟಾಂಟಿನೋಪಲ್‌ನ ಪಿತೃಪ್ರಧಾನ ಜಗದ್ವ್ಯಾಪಿ ಬಿರುದು ಹಾಕಿಕೊಂಡಾಗ ಅದು ಅಹಂಕಾರವೆಂದು ಪ್ರತಿಭಟಿಸಿದವನು. ಸಭಾಪಾಲಕರಿಗಾಗಿ ಅವನು ಬರೆದ ಕೈಪಿಡಿ ಇವತ್ತಿಗೂ ಓದಲು ಯೋಗ್ಯ. ಬಡವನಿಗೆ ಹೇಳುವ ಬುದ್ಧಿಮಾತು ಶ್ರೀಮಂತನಿಗೆ ಒಗ್ಗುವುದಿಲ್ಲ, ದುಃಖಿಗೆ ಹೇಳಿದ್ದು ಸಂತೋಷದಲ್ಲಿರುವವನಿಗೆ ನಾಟುವುದಿಲ್ಲ ಎಂದು ಜೋಡಿ ಜೋಡಿಯಾಗಿ ವಿವರಿಸುವಲ್ಲಿ ಮನುಷ್ಯರನ್ನು ಹತ್ತಿರದಿಂದ ಬಲ್ಲವನ ಕಣ್ಣಿದೆ. ಒಂಬತ್ತನೆಯ ಶತಮಾನದಲ್ಲಿ ಆಲ್ಫ್ರೆಡ್ ದೊರೆ ಅದನ್ನು ಇಂಗ್ಲಿಷಿಗೆ ತಂದ. ಆದರೆ ಇಡೀ ಹೊತ್ತಗೆಯ ಭಾರ ಬೀಳುವುದು ಪಾಲಕನ ಆತ್ಮಸಾಕ್ಷಿಯ ಮೇಲೆ. ಅವನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಪರೀಕ್ಷೆಯಲ್ಲಿ ನಪಾಸಾದವನನ್ನು ಮಂದೆ ಏನು ಮಾಡಬೇಕೆಂಬುದು ಗ್ರೆಗೊರಿಯ ಚಿಂತೆಯಲ್ಲ.

ಇನ್ನೊಂದು ಎಳೆಯೂ ಬೈಬಲಿನಿಂದಲೇ ಹೊರಡುತ್ತದೆ. ದಿನನಿತ್ಯದ ಹಂಚಿಕೆಯಲ್ಲಿ ನಮ್ಮ ವಿಧವೆಯರಿಗೆ ಅನ್ಯಾಯವಾಗುತ್ತಿದೆ ಎಂದು ಜೆರುಸಲೇಮಿನಲ್ಲಿ ಗ್ರೀಕ್ ಮಾತಾಡುವ ಶಿಷ್ಯರು ಗೊಣಗಿದ ಸಂಗತಿ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿದೆ. ಅಪೊಸ್ತಲರು ವಿನಯದ ಮೇಲೆ ಪ್ರವಚನ ಕೊಡಲಿಲ್ಲ; ಏಳು ಮಂದಿಯನ್ನು ನೀವೇ ಆರಿಸಿ ಎಂದರು. ಆರಿಸಿಬಂದ ಏಳೂ ಹೆಸರುಗಳು ಗ್ರೀಕ್. ದೂರು ಕೊಟ್ಟ ಗುಂಪಿನವರ ಕೈಗೇ ಉಗ್ರಾಣ ಬಂದಂತಾಯಿತು. ಅಂತಿಯೋಕ್ಯದಲ್ಲಿ ಪೌಲ ಪೇತ್ರನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡದ್ದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹಾಗೇ ಉಳಿದಿದೆ. ಹಿರಿಯನಿಗಾದ ಮುಖಭಂಗವನ್ನು ಸಭೆ ತನ್ನ ಪವಿತ್ರ ಗ್ರಂಥದಿಂದ ಅಳಿಸಿಹಾಕಲಿಲ್ಲ.

ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ತನ್ನ ಮಠಕ್ಕೆ ಬರೆದ ನಿಯಮದಲ್ಲಿ ಎರಡೂ ಎಳೆಗಳು ಹೆಣೆದುಕೊಂಡಿವೆ. ಮಠಾಧಿಪತಿ ತಂದೆಯಂತಿರಬೇಕು, ತುಕ್ಕು ತೆಗೆಯುವ ಭರದಲ್ಲಿ ಪಾತ್ರೆಯನ್ನೇ ಒಡೆಯಬಾರದು ಎಂಬೆಲ್ಲ ಹಿತವಚನಗಳಿವೆ. ಜೊತೆಗೆ, ಮುಖ್ಯ ವಿಷಯ ಬಂದಾಗ ಇಡೀ ಸಮುದಾಯವನ್ನು ಕರೆದು ಕೇಳಲೇಬೇಕು, ಏಕೆಂದರೆ ಒಳ್ಳೆಯ ದಾರಿಯನ್ನು ದೇವರು ಎಷ್ಟೋ ಸಲ ಕಿರಿಯನಿಗೆ ತೋರಿಸುತ್ತಾನೆ ಎಂಬ ಕಟ್ಟಳೆಯೂ ಇದೆ. ಕೇಳಿದ ಮೇಲೆ ತೀರ್ಮಾನ ಮಾತ್ರ ಅಧಿಪತಿಯದೇ, ಸಂನ್ಯಾಸಿಗಳು ಮರುಮಾತಾಡುವಂತಿಲ್ಲ. ಬೆನೆಡಿಕ್ಟ್ ಅರ್ಧ ದಾರಿಗೆ ನಿಂತ ಎನ್ನಬೇಕು.

ಉಳಿದರ್ಧ ನಡೆದವನು ತನ್ನದೇ ಸಂನ್ಯಾಸಿ ಸಂಘ ಕಟ್ಟಿದ ಡೊಮಿನಿಕ್. 1220ರಲ್ಲಿ ಬೊಲೋನ್ಯಾದಲ್ಲಿ ಅವನ ಸಂಘದ ಮೊದಲ ಮಹಾಸಭೆ ನಡೆಯಿತು. ನಾನು ಈ ಹೊಣೆಗೆ ತಕ್ಕವನಲ್ಲ, ನನ್ನನ್ನು ಇಳಿಸಿಬಿಡಿ ಎಂದು ಡೊಮಿನಿಕ್ ಕೇಳಿಕೊಂಡ. ಸೋದರರು ಒಪ್ಪಲಿಲ್ಲ. ಇಂಥ ಕತೆಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ: ಮಹಾತ್ಮ ಬೇಡವೆಂದ, ಜನ ಬಿಡಲಿಲ್ಲ, ಎಲ್ಲರ ಕಣ್ಣಲ್ಲೂ ನೀರು. ಡೊಮಿನಿಕ್ ಅಷ್ಟಕ್ಕೆ ಬಿಡಲಿಲ್ಲ. ಹಾಗಾದರೆ ಸಭೆ ನಡೆಯುವಷ್ಟು ದಿನ ನನ್ನ ಮೇಲೂ ಪೂರ್ಣಾಧಿಕಾರವಿರುವ ಪ್ರತಿನಿಧಿಗಳನ್ನು ನೇಮಿಸಿ ಎಂದ, ನೇಮಿಸಿದರು. ಮುಂದೆ ಆ ಸಂಘದಲ್ಲಿ ಮುಖ್ಯಸ್ಥನನ್ನು ಆರಿಸುವುದು, ತಪ್ಪಿದರೆ ತಿದ್ದುವುದು, ಇಳಿಸುವುದು ಎಲ್ಲವೂ ಕಟ್ಟಳೆಯೊಳಗೆ ಬಂದವು. ಅವನ ವಿನಯ ಅವನೊಂದಿಗೆ ಸಾಯದೆ ಉಳಿದದ್ದು ಹಾಗೆ. ಕ್ರೈಸ್ತ ನಾಯಕನ ಮಾದರಿ ಕೊಡಿ ಎಂದರೆ ನಾನು ಮೊದಲು ತೋರಿಸುವುದು ಬೊಲೋನ್ಯಾದ ಈ ಕಲಾಪವನ್ನೇ.

ಇಪ್ಪತ್ತನೆಯ ಶತಮಾನ ಮತ್ತೆ ಎದೆಯೊಳಗಿನ ಗುಣಕ್ಕೆ ಮರಳಿತು. ಅಮೆರಿಕದ ಎಟಿ ಅಂಡ್ ಟಿ ಕಂಪನಿಯಲ್ಲಿ ದುಡಿದು ನಿವೃತ್ತರಾದ, ಕ್ವೇಕರ್ ಪಂಥದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಸೇವಕ ನಾಯಕನ ಮೇಲೊಂದು ಪ್ರಬಂಧ ಬರೆದರು. ಇಂದು ಸರ್ವೆಂಟ್ ಲೀಡರ್‌ಶಿಪ್ ಎಂಬ ಹೆಸರಿನಲ್ಲಿ ನಡೆಯುವ ತರಬೇತಿಗಳಿಗೆಲ್ಲ ಅದೇ ಮೂಲ. ನಾಯಕನ ಕೈಕೆಳಗಿನವರು ಬೆಳೆದರೇ, ಹೆಚ್ಚು ಸ್ವತಂತ್ರರಾದರೇ ಎಂಬ ಅವರ ಒರೆಗಲ್ಲು ಒಳ್ಳೆಯದೇ. ಆದರೆ ಅವರಿಗೆ ಪ್ರೇರಣೆಯಾದದ್ದು ಹರ್ಮನ್ ಹೆಸ್ಸೆಯ ‘ಪೂರ್ವದ ಕಡೆಗೆ ಪಯಣ’ ಎಂಬ ಕತೆ. ಹೆಸ್ಸೆ ನಮಗೆ ದೂರದವರಲ್ಲ. ಅವರ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಾಯಿಯ ತಂದೆ ಹರ್ಮನ್ ಗುಂಡರ್ಟ್, ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮೊಗ್ಲಿಂಗರ ಗೆಳೆಯ, ಇಬ್ಬರೂ ಬಾಸೆಲ್ ಮಿಷನ್ನಿನವರು. ಕತೆಯಲ್ಲಿ ಲಿಯೋ ಎಂಬ ಆಳು ಯಾತ್ರಿಕರ ಗಂಟುಮೂಟೆ ಹೊರುತ್ತಾನೆ. ಅವನು ಕಾಣೆಯಾದೊಡನೆ ತಂಡ ಚದುರುತ್ತದೆ. ಕೊನೆಗೆ ತಿಳಿಯುವುದೇನೆಂದರೆ, ಯಾತ್ರೆ ಹೊರಡಿಸಿದ ಪಂಥದ ಪರಮಾಧಿಕಾರಿಯೇ ಲಿಯೋ. ಎಂದರೆ ಅವನು ಆಳಿನ ವೇಷದ ಅರಸ. ಯೋಹಾನನ ಪ್ರಸಂಗದಲ್ಲಿ ಬಯಲಲ್ಲಿದ್ದ ಅಧಿಕಾರ ಇಲ್ಲಿ ಮರೆಗೆ ಸರಿದಿದೆ. ಮರೆಯಲ್ಲಿರುವ ಅಧಿಕಾರಿಯನ್ನು ಲೆಕ್ಕ ಕೇಳುವುದು ಹೇಗೆ?

ಸೇವಕರಾಗಿ ಎಂಬ ಉಪದೇಶ ಯಾರ ಕಿವಿಗೆ ಬೀಳುತ್ತದೆ ಎಂಬುದೂ ಮುಖ್ಯ. ಮಾರ್ಕನ ಸುವಾರ್ತೆಯಲ್ಲಿ ಯೇಸು ಅದನ್ನು ಹೇಳಿದ್ದು ತನ್ನ ಬಲಗಡೆ ಎಡಗಡೆ ಪೀಠ ಬೇಕೆಂದು ಅರ್ಜಿ ಹಾಕಿದ ಇಬ್ಬರು ಶಿಷ್ಯರ ದೆಸೆಯಿಂದ. ತಲೆಮಾರುಗಳಿಂದ ಊರವರ ಚಾಕರಿಯಲ್ಲೇ ಸವೆದು ಕ್ರೈಸ್ತರಾದ ದಲಿತ ಕುಟುಂಬಕ್ಕೋ, ಚರ್ಚಿನ ಅಡುಗೆ, ಕಸಬರಿಗೆಗಳೆರಡೂ ತನ್ನವೇ ಆಗಿರುವ ಹೆಣ್ಣುಮಗಳಿಗೋ ಅದನ್ನೇ ಒಪ್ಪಿಸಿದರೆ ಅರ್ಥ ತಿರುಗುಮುರುಗಾಗುತ್ತದೆ. ಅವರಿಗೆ ಬೇಕಾದದ್ದು ಸಮಿತಿಯಲ್ಲಿ ಕುರ್ಚಿ.

ಜ್ಯಾನ್ ವಾನಿಯೇ ಪ್ರಕರಣ ಇದನ್ನೆಲ್ಲ ಒರೆಗೆ ಹಚ್ಚಿತು. 1964ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಬುದ್ಧಿಮಾಂದ್ಯರೆನಿಸಿಕೊಂಡವರ ಜೊತೆ ಒಂದೇ ಸೂರಿನಡಿ ಬದುಕತೊಡಗಿದ ವಾನಿಯೇ ಕಟ್ಟಿದ ಲಾರ್ಶ್ ಸಂಸ್ಥೆ ದೇಶದೇಶಗಳಿಗೆ ಹರಡಿತು. ಬೆಂಗಳೂರಿನ ಆಶಾನಿಕೇತನ ಅದರದೇ ಕವಲು. ಕಾಲು ತೊಳೆಯುವ ಆಚರಣೆಯನ್ನು ಅಲ್ಲಿ ವಾನಿಯೇ ಜೀವಂತಗೊಳಿಸಿದ್ದರು. ಜನ ಅವರನ್ನು ಸಂತರೆಂದೇ ಬಗೆದಿದ್ದರು. 2019ರಲ್ಲಿ ತೀರಿಕೊಂಡರು. ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವರು ಆರು ಮಹಿಳೆಯರನ್ನು ಲೈಂಗಿಕವಾಗಿ ದುರ್ಬಳಸಿಕೊಂಡಿದ್ದರೆಂದು 2020ರ ವರದಿ ಹೇಳಿತು. 2023ರ ಅಧ್ಯಯನದಲ್ಲಿ ಆ ಸಂಖ್ಯೆ ಕನಿಷ್ಠ 25ಕ್ಕೆ ಏರಿತು. ವಿನಯವಂತನೆಂಬ ಹೆಸರೇ ಅನುಮಾನವನ್ನು ಹತ್ತಿರ ಸುಳಿಯಗೊಡಲಿಲ್ಲ. ಗ್ರೆಗೊರಿ ಎಣಿಸಿದ ಗುಣಗಳ ಪಟ್ಟಿಯನ್ನು ಹಿಡಿದು ನೋಡಿದ್ದರೂ ಅವರು ಸಲೀಸಾಗಿ ತೇರ್ಗಡೆಯಾಗುತ್ತಿದ್ದರು.

ಆ ಎರಡೂ ತನಿಖೆಗಳನ್ನು ಹೊರಗಿನವರಿಂದ ಮಾಡಿಸಿ, ಸ್ಥಾಪಕನ ಹೆಸರು ಮಣ್ಣುಗೂಡುತ್ತದೆಂದು ಗೊತ್ತಿದ್ದೂ ಪ್ರಕಟಿಸಿದ್ದು ಲಾರ್ಶ್ ಸಂಸ್ಥೆಯೇ. ಆ ನಿರ್ಧಾರ ತೆಗೆದುಕೊಂಡ ನಂತರದ ತಲೆಮಾರಿನ ಮುಖ್ಯಸ್ಥರ ಹೆಸರು ಹೊರಜಗತ್ತಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅವರ ಮೇಲೆ ಯಾರೂ ಭಕ್ತಿಗ್ರಂಥ ಬರೆಯುವ ಸಂಭವವೂ ಕಡಿಮೆ.