ನೆಗಡಿಗೆ ಮೂಗು ಕೊಯ್ಯಬೇಕೆ?

ಡೀಸೆಲ್ ಕಾರಿನ ಪಿಕಪ್ ಕುಸಿದು, ಕಪ್ಪು ಹೊಗೆ ಎದ್ದು, ಚೆಕ್ ಇಂಜಿನ್ ಲೈಟ್ ಹೊತ್ತಿಕೊಂಡರೆ ಗ್ಯಾರೇಜಿನಲ್ಲಿ ಹೆಚ್ಚಾಗಿ ಸಿಗುವ ಸಲಹೆ ಎರಡೇ: ಇಜಿಆರ್ ವಾಲ್ವ್ ಹೊಸದು ಹಾಕಿಸಿ, ಇಲ್ಲವೇ ಅಡ್ಡಕ್ಕೆ ಒಂದು ತಗಡು ಕೂರಿಸಿ ಬಂದ್ ಮಾಡಿಸಿ. ಒಪ್ಪುವ ಮೊದಲು ಆ ವಾಲ್ವಿನ ಕೆಲಸವೇನೆಂದು ತಿಳಿಯಬೇಕು. ಸಿಲಿಂಡರಿನೊಳಗೆ ಕಾವು ವಿಪರೀತ ಏರಿದಾಗ ಗಾಳಿಯ ಸಾರಜನಕ, ಆಮ್ಲಜನಕ ಕೂಡಿ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತವೆ. ಶ್ವಾಸಕೋಶವನ್ನು ಕೆರಳಿಸುವ ಅನಿಲಗಳಿವು. ಉರಿದ ಹೊಗೆಯ ಒಂದು ಪಾಲನ್ನು ವಾಲ್ವ್ ಮತ್ತೆ ಒಳಗೆ ಬಿಟ್ಟಾಗ ಉರಿಯ ಕಾವು ಇಳಿದು ಇವು ಹುಟ್ಟುವುದೇ ಕಡಿಮೆಯಾಗುತ್ತದೆ. ಬಿಎಸ್4 ಡೀಸೆಲ್ ಕಾರಿಗೆ ಕಿಲೋಮೀಟರಿಗೆ 250 ಮಿಲಿಗ್ರಾಂ ಇದ್ದ ಈ ಅನಿಲಗಳ ಮಿತಿ, 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್6ರಲ್ಲಿ 80ಕ್ಕೆ ಇಳಿಯಿತು.

ಕೆಟ್ಟ ವಾಲ್ವನ್ನು ಬಿಚ್ಚಿ ನೋಡಿದರೆ ಕಾಣುವುದು ಡಾಂಬರಿನಂಥ ಅಂಟು. ಹೊಗೆಯ ಮಸಿಗೆ ಇಂಜಿನ್ ಆಯಿಲಿನ ಆವಿ ಬೆರೆತು ಕಟ್ಟಿದ ಪದರವದು. ಇಂಜಿನ್ ಸರಿಯಾಗಿ ಬಿಸಿಯೇರದ ಪೇಟೆ ಓಡಾಟದಲ್ಲಿ ಬೇಗ ಬೆಳೆಯುತ್ತದೆ. ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಹೊಗೆ, ಐಡ್ಲಿಂಗಿನಲ್ಲಿ ನಡುಕ. ಮುಚ್ಚಿಯೇ ಉಳಿದರೆ ಬರಿಯ ಲೈಟ್. ಆದರೆ ಸ್ಕ್ಯಾನರಿನಲ್ಲಿ ಪಿ0401 ಬಂತೆಂದರೆ ವಾಲ್ವೇ ಕೆಟ್ಟಿದೆ ಎಂದಲ್ಲ, ಹೊಗೆಯ ಹರಿವು ಸಾಲದು ಎಂದಷ್ಟೇ ಅರ್ಥ. ದಾರಿಯ ಪೈಪ್ ಕಟ್ಟಿರಬಹುದು, ವ್ಯಾಕ್ಯೂಮ್ ಹೋಸ್ ಸೀಳಿರಬಹುದು, ಗಾಳಿ ಅಳೆಯುವ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿರಬಹುದು. ಇವನ್ನು ನೋಡದೆ ಹಾಕಿದ ಹೊಸ ವಾಲ್ವ್ ದುಡ್ಡಿನ ದಂಡ.

ಬಂದ್ ಮಾಡಿಸಿದ ಮೇಲೆ ಗಾಡಿ ಚೆನ್ನಾಗಿ ಎಳೆಯುತ್ತದಲ್ಲ ಎನ್ನುವವರಿದ್ದಾರೆ. ನಿಜ, ಆದರೆ ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಸರಿಯಿರುವ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ. ತಗಡು ಕೊಟ್ಟ ಎಳೆತವನ್ನು ಶುಚಿಯಾದ ವಾಲ್ವೂ ಕೊಡುತ್ತದೆ. ಎಮಿಷನ್ ಟೆಸ್ಟ್ ಪಾಸಾಗುತ್ತದೆ ಎಂಬ ವಾದವೂ ನಿಲ್ಲದು: ಡೀಸೆಲ್ ಗಾಡಿಗೆ ಅಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು, ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡನ್ನಲ್ಲ. ಮಸಿ ಇಂಜಿನ್ನಿನ ಗಾಳಿದಾರಿಗೂ ಮೆತ್ತುತ್ತದೆ ಎಂಬ ದೂರು ಮಾತ್ರ ನ್ಯಾಯವಾದದ್ದು. ಅದಕ್ಕೆ ಮದ್ದು ಆರೈಕೆ. ವಾಲ್ವ್ ಬಿಚ್ಚಿ, ಮೋಟರಿಗೆ ತಾಗದಂತೆ ಕ್ಲೀನರ್ ಸಿಂಪಡಿಸಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಬೇಕು. ಸರಿಯಾದ ಆಯಿಲನ್ನು ಹೊತ್ತಿಗೆ ಬದಲಿಸಬೇಕು. ಆಗಾಗ ಹೆದ್ದಾರಿಯಲ್ಲಿ ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ತೊಳೆದರೂ ಅಲುಗಾಡದ ವಾಲ್ವನ್ನು ಬದಲಿಸಲೇಬೇಕು. ತಗಡು ಹಾಕಿಸಿದವರ ಖರ್ಚು ಉಳಿಯಬಹುದು, ಆ ಖರ್ಚನ್ನು ತೆರುವುದು ಸಿಗ್ನಲ್ಲಿನಲ್ಲಿ ಹಿಂದೆ ನಿಂತ ಸ್ಕೂಟರ್ ಸವಾರರ ಶ್ವಾಸಕೋಶ.